ಚೆನ್ನೆಮಣೆಯಿಂದ ಗೇಮ್‌ವರೆಗೆ

ಹೈಸ್ಕೂಲಿನಲ್ಲಿ ಕಂಪ್ಯೂಟರ್ ಗೇಮ್ ಮಾಡೋದು ಕಲಿಸಿದರೆ ಮಕ್ಕಳು ಹಾಳಾಗ್ತಾರೆ ಅಂತ ಕೆಲವರು ಹೇಳುತ್ತಿದ್ದಾರೆ, ನಾನಂತೂ ಒಪ್ಪುವುದಿಲ್ಲ. ನಾವು ತೀರ್ಥಹಳ್ಳಿ ಕಡೆಯವರು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಸ್ಕ್ರ್ಯಾಚ್‌ನಲ್ಲಿ, ಅಂದ್ರೆ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ, ಚೆನ್ನೆಮಣೆ ಆಟ ಮಾಡಿದಳು. 14 ಗುಳಿ ಬಿಡಿಸಿದ್ದು ಸುಲಭವಾಯ್ತು, ಆದರೆ ಕೊನೇ ಗುಳಿ ದಾಟಿದ ಮೇಲೆ ಬೀಜ ಮತ್ತೆ ಮೊದಲನೇ ಗುಳಿಗೆ ಬರಬೇಕಲ್ವಾ, ಅದು ಇಲ್ಲದ ಹದಿನೈದನೇ ಗುಳಿಗೆ ಹೋಗಿ ಮಾಯವಾಗುತ್ತಿತ್ತು. ಮಳೆಗೆ ಕರೆಂಟ್ ಹೋದ ಸಂಜೆ ಅಜ್ಜಿಯ ಹಳೇ ಮಣೆ ಅಟ್ಟದಿಂದ ಇಳಿಸಿ, ಹುಣಸೆ ಬೀಜ ಒಂದೊಂದೇ ಹಾಕುತ್ತಾ ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ತಪ್ಪು ಸಿಕ್ಕಿತು! ಇಂಜಿನಿಯರ್ ಯೋಚನೆ ಅಂದ್ರೆ ಇದೇ ಅಲ್ವಾ? ಸ್ಕ್ರ್ಯಾಚ್ ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ನೆಟ್‌ವರ್ಕ್ ಸಿಗದ ನಮ್ಮ ಮಲೆನಾಡಿನ ಶಾಲೆಗಳಿಗೆ ಹೇಳಿ ಮಾಡಿಸಿದ್ದು. ವಾರಕ್ಕೊಂದು ಪೀರಿಯಡ್ ಆದರೂ ಕೊಡಿ.