ಮೇಷ್ಟ್ರ ರೇಡಿಯೋಗೆ ಪರ್ಮಿಷನ್ ಇಲ್ಲ

1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ರೇಡಿಯೋ ನಿಲಯ ಶುರು ಮಾಡಿಬಿಟ್ಟರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟಿನದು; ನಮ್ಮನೆಯ ಹಳೇ ಫ್ಯಾನು ಅದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತದೆ. ನಿಲಯದ ಹೆಸರು ‘ಆಕಾಶವಾಣಿ’.

1950ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಬಂದು ನಿಲಯವನ್ನು ವಹಿಸಿಕೊಂಡರು. 1955ರಲ್ಲಿ ಅದನ್ನು ಬೆಂಗಳೂರಿಗೆ ಸಾಗಿಸಿದರು. ಆಮೇಲೆ ಹೆಸರೂ ಚೆನ್ನಾಗಿದೆ ಅನ್ನಿಸಿ ಅದನ್ನು ಇಡೀ ದೇಶಕ್ಕೆ ಹಂಚಿದರು. ಮೈಸೂರು ಮಾತ್ರ ಎಪ್ಪತ್ತರ ದಶಕದವರೆಗೆ ಬೆಂಗಳೂರಿನ ಕಡೆ ಕಿವಿ ನೆಟ್ಟು ಕೂತಿತ್ತು. 2023ರಲ್ಲಂತೂ ಇಂಗ್ಲಿಷ್ ಹೆಸರನ್ನೇ ಬಿಟ್ಟು ‘ಆಕಾಶವಾಣಿ’ ಎಂದಷ್ಟೇ ಹೇಳಬೇಕೆಂದು ಆದೇಶವಾಯಿತು. ಸಂತೋಷ!

ಮೇಷ್ಟ್ರು ಪುಣ್ಯವಂತರು, ಬೇಗ ಹುಟ್ಟಿದರು. ಈಗ ರೇಡಿಯೋ ಪರ್ಮಿಷನ್ನಿಗೆ ಅರ್ಜಿ ಹಿಡಿದು ಬಂದಿದ್ದರೆ ಕೌಂಟರಿನ ಒಳಗಿಂದ ಏನು ಕೇಳಿಸುತ್ತಿತ್ತು ಅನ್ನೋದನ್ನು ಊಹಿಸಬಹುದು:

“ಹೆಸರು ಆಕಾಶವಾಣಿನಾ? ಅದು ಆಗಲೇ ಬೇರೆಯವರದ್ದು ಸರ್, ಇನ್ನೊಂದು ಬರೀರಿ. ಯಾವ ಸಂಸ್ಥೆ? ಸ್ವಂತದ್ದಾ? ಸಮುದಾಯ ಬಾನುಲಿ, ಅಂದ್ರೆ ಊರಿನವರೇ ಸೇರಿ ನಡೆಸೋ ಪುಟ್ಟ ರೇಡಿಯೋ, ಒಬ್ಬೊಬ್ಬರಿಗೆಲ್ಲ ಕೊಡಲ್ಲ. ಒಂದು ಸಂಘ ಮಾಡಿ, ರಿಜಿಸ್ಟರ್ ಮಾಡಿಸಿ, ಮೂರು ವರ್ಷ ಬಿಟ್ಟು ಬನ್ನಿ. ಮೀಡಿಯಂ ವೇವಾ? ನಿಮಗೇನಿದ್ರೂ ಎಫ್‌ಎಂ. ಸುದ್ದಿ ಓದ್ತೀರಾ? ನೀವಾಗೇ ಓದೋ ಹಾಗಿಲ್ಲ. ಆಕಾಶವಾಣಿ ಸುದ್ದಿ ಇದೆಯಲ್ಲ, ಅದನ್ನೇ ಹಾಕಿ. ಬೇಕಿದ್ರೆ ನಿಮ್ಮೂರ ಮಾತಿಗೆ ತಿರುಗಿಸ್ಕೊಳ್ಳಿ, ಒಳಗಿನ ವಿಷಯ ಮುಟ್ಟಬೇಡಿ.”

“ನಲ್ಲಿ ನೀರು ಯಾವಾಗ ಬರುತ್ತೆ ಅಂತ ಹೇಳಬಹುದು ಸರ್. ಕರೆಂಟು, ನೀರು, ಮಳೆ, ಪರೀಕ್ಷೆ ಇವೆಲ್ಲ ರೂಲ್ಸ್ ಪ್ರಕಾರ ಸುದ್ದಿ ಅಲ್ಲ. ನೀರು ಯಾಕೆ ಬಂದಿಲ್ಲ ಅಂತ ಕೆದಕಿದ್ರೆ ಮಾತ್ರ ಅದು ಸುದ್ದಿ ಆಗಿಬಿಡುತ್ತೆ.”

(ಈ ಗೆರೆಯನ್ನು ಎಳೆದ ಮಹಾನುಭಾವರ ಮನೆಗೆ ಇಪ್ಪತ್ತನಾಲ್ಕು ಗಂಟೆ ಕಾವೇರಿ ನೀರು ಬರುತ್ತಿರಬೇಕು.)

ಅಷ್ಟರಲ್ಲಿ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗ ಖಾಲಿ ಕೊಡ ಬಗ್ಗಿಸಿ ತೋರಿಸುತ್ತಾ ಮೊಬೈಲಿನಲ್ಲಿ ಲೈವ್ ಹೋಗಿರುತ್ತಾನೆ: “ನೋಡಿ ಫ್ರೆಂಡ್ಸ್, ಐದು ದಿನದಿಂದ ನೀರಿಲ್ಲ, ಯಾಕೆ ಅಂದ್ರೆ...” ಅವನಿಗೆ ಸಂಘವೂ ಬೇಡ, ಆಂಟೆನಾವೂ ಬೇಡ, ಅವನ ಮಾತು ದುಬೈಗೂ ಕೇಳಿಸುತ್ತದೆ. ಕೌಂಟರಿನವರು ಅರ್ಜಿ ವಾಪಸ್ ಕೊಟ್ಟು, ಮೊಬೈಲ್ ತೆಗೆದು ಅವನಿಗೊಂದು ಲೈಕ್ ಒತ್ತುತ್ತಾರೆ. ಅವರ ಏರಿಯಾದಲ್ಲೂ ನೀರು ಬಂದಿಲ್ಲ.