ಮುಂದಿನ ಸೀಟು ಯಾರಿಗೆ?

ರೈಲು ಹಳಿ ಹಾಯದ ಜಿಲ್ಲೆ ನಮ್ಮದು. ವಿಮಾನ ನಿಲ್ದಾಣವೂ ಇಲ್ಲ. ಮಕ್ಕಳನ್ನು ಕಾಲೇಜಿಗೆ ಬಿಡುವುದಿರಲಿ, ದೊಡ್ಡ ಆಸ್ಪತ್ರೆಗೆ ಹೋಗುವುದಿರಲಿ, ನೆಂಟರ ಮದುವೆಯಿರಲಿ, ಮಡಿಕೇರಿಯಿಂದ ಹೊರಟವರು ರಸ್ತೆಯನ್ನೇ ನಂಬಬೇಕು. ಪೂರ್ವಕ್ಕೆ ಹೋದರೆ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 260ರ ಆಸುಪಾಸು. ಪಶ್ಚಿಮಕ್ಕೆ ಸಂಪಾಜೆ ಘಾಟಿ ಇಳಿದರೆ ಮಂಗಳೂರು ಸುಮಾರು 140. ಹೀಗಾಗಿ ಕಾರಿನಲ್ಲಿ ನಾಲ್ಕೈದು ಗಂಟೆ ಕೂರುವುದು ನಮಗೆ ಪ್ರವಾಸವಲ್ಲ, ಬದುಕಿನ ಭಾಗ. ಆದರೂ ಅದನ್ನು ನೆಮ್ಮದಿಯಿಂದ ಮಾಡುವುದನ್ನು ನಾವಿನ್ನೂ ಕಲಿತಿಲ್ಲ ಎಂದೇ ನನ್ನ ಅನಿಸಿಕೆ.

ಇಪ್ಪತ್ತು ವರ್ಷಗಳಿಂದ ಕಾರು ಓಡಿಸುತ್ತಿರುವ ನಾನೂ ಬಹುಕಾಲ ಪ್ರಯಾಣವನ್ನು ಅಳೆದದ್ದು ಗಡಿಯಾರದಲ್ಲಿಯೇ. ಊರು ತಲುಪಿದ ಕೂಡಲೇ ನೆಂಟರು ಕೇಳುವ ಮೊದಲ ಪ್ರಶ್ನೆ “ಎಷ್ಟು ಹೊತ್ತಾಯಿತು?” ಎಂಬುದಲ್ಲವೇ? ಉತ್ತರ ಎಷ್ಟು ಚಿಕ್ಕದೋ ಅಷ್ಟು ಹೆಮ್ಮೆ. ಆ ಹೆಮ್ಮೆಯ ಬೆಲೆಯನ್ನು ಹಿಂದಿನ ಸೀಟಿನಲ್ಲಿ ಅಮ್ಮ ತೆರುತ್ತಿದ್ದರೆಂಬುದು ನನಗೆ ತಿಳಿದದ್ದು ಎರಡು ವರ್ಷಗಳ ಹಿಂದೆ, ಮಂಗಳೂರಿಗೆ ಹೋಗುವಾಗ. ಸುಳ್ಯ ದಾಟುವ ಮೊದಲೇ ಅವರು ಮೂರನೆಯ ಸಲ ವಾಂತಿ ಮಾಡಿಕೊಂಡು, ಸೆರಗಿನ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಾ, “ನೀನು ನಡೆ ಮಗ, ನನಗೇನೂ ಆಗಿಲ್ಲ” ಎಂದರು. ನೀರು ಕೊಟ್ಟರೆ ಮುಟ್ಟಲಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ, ಸಿಕ್ಕರೂ ನಿಲ್ಲಿಸು ಎಂದು ಹೇಳಲು ಸಂಕೋಚ ಎಂದು ಹಿಂದಿನ ರಾತ್ರಿಯಿಂದಲೇ ಅವರು ನೀರು ಕುಡಿದಿರಲಿಲ್ಲವಂತೆ. ಪ್ರತಿ ಪ್ರಯಾಣಕ್ಕೂ ಅವರದು ಇದೇ ಕ್ರಮವೆಂದು ಹೆಂಡತಿ ಆಮೇಲೆ ಹೇಳಿದಳು. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅಂದಿನಿಂದ ನಾನು ವಾದಿಸುತ್ತಿರುವುದು ಇಷ್ಟೇ: ಕಾರಿನಲ್ಲಿ ಯಾರ ಹೊಟ್ಟೆ ಎಲ್ಲರಿಗಿಂತ ಸೂಕ್ಷ್ಮವೋ, ಪ್ರಯಾಣದ ವೇಗವನ್ನೂ ವಿಶ್ರಾಂತಿಯನ್ನೂ ಅವರೇ ತೀರ್ಮಾನಿಸಬೇಕು. ನಮ್ಮಲ್ಲಿ ಮುಂದಿನ ಸೀಟು ಮರ್ಯಾದೆಯ ಜಾಗ. ಅಲ್ಲಿ ಅಪ್ಪ ಕೂರುತ್ತಿದ್ದರು, ಕೂತು ಕುಶಾಲನಗರ ಬರುವ ಮೊದಲೇ ಗೊರಕೆ ಹೊಡೆಯುತ್ತಿದ್ದರು. ತಲೆಸುತ್ತು ಬರುವುದಕ್ಕೆ ಕಾರಣ ಸರಳವಾದದ್ದು: ಒಳಕಿವಿ ದೇಹ ಅತ್ತಿತ್ತ ವಾಲುತ್ತಿದೆಯೆಂದು ಮಿದುಳಿಗೆ ತಿಳಿಸುತ್ತಿರುವಾಗ, ಎದುರಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವೆಂದು ಹೇಳುತ್ತದೆ, ಈ ಎರಡು ಸಾಕ್ಷಿಗಳು ಕೂಡಿಬರದಿದ್ದಾಗ ಹೊಟ್ಟೆ ತೊಳಸುತ್ತದೆ. ಮುಂದೆ ಕೂತು ದೂರದ ರಸ್ತೆಯನ್ನು ನೋಡುವವರಿಗೆ ಮುಂದಿನ ತಿರುವು ಮೊದಲೇ ಕಾಣುವುದರಿಂದ ಜಗಳ ಕಡಿಮೆ. ಓಡಿಸುವವರಿಗೆ ವಾಂತಿ ಬರುವುದು ಅಪರೂಪವಾಗಿರುವುದೂ ಇದೇ ಕಾರಣಕ್ಕೆ. ಅಪ್ಪ ಎರಡು ದಿನ ಮುನಿಸಿಕೊಂಡು ಕೊನೆಗೆ ಹಿಂದಕ್ಕೆ ಹೋದರು. ಈಗ ಅಲ್ಲಿ ಬೆಲ್ಟ್ ಹಾಕಿಕೊಂಡೇ ಗೊರಕೆ ಹೊಡೆಯುತ್ತಾರೆ. ಸಣ್ಣ ಮಕ್ಕಳಿಗೆ ಮಾತ್ರ ಈ ಉಪಾಯ ಸಲ್ಲದು, ಅವರ ಜಾಗ ಹಿಂದೆಯೇ.

ಖಾಲಿ ಹೊಟ್ಟೆಯಲ್ಲಿ ಹೊರಟರೆ ವಾಂತಿ ಬರುವುದಿಲ್ಲವೆಂಬ ನಂಬಿಕೆಯೂ ತಪ್ಪು. ಒಂದು ಅಕ್ಕಿರೊಟ್ಟಿಯೋ ಎರಡು ಕಡುಬೋ ತಿಂದು, ಜಿಡ್ಡು ಮತ್ತು ಖಾರವನ್ನು ಬಿಟ್ಟರೆ ಸಾಕು. ಅಮ್ಮ ಶುಂಠಿಯ ಚೂರನ್ನು ಉಪ್ಪು ಹಚ್ಚಿ ಬಾಯಲ್ಲಿಟ್ಟುಕೊಳ್ಳುತ್ತಾರೆ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಹೊರಡುವ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಏಕೆಂದರೆ ತಲೆ ತಿರುಗಲು ಆರಂಭಿಸಿದ ಮೇಲೆ ನುಂಗಿದ ಮಾತ್ರೆ ಅರ್ಧಕ್ಕರ್ಧ ಹೊರಗೇ ಬರುತ್ತದೆ.

ಇನ್ನು ಓಡಿಸುವವರ ಪಾಲಿನದು. ತಿರುವಿನೊಳಗೆ ನುಗ್ಗಿ ಬ್ರೇಕ್ ಒತ್ತುವುದಕ್ಕಿಂತ ತಿರುವಿಗೆ ಮೊದಲೇ ವೇಗ ಇಳಿಸಿದರೆ ಒಳಗಿರುವವರ ತಲೆ ಅಷ್ಟು ಅಲುಗಾಡುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ನಮ್ಮ ಹಳೆಯ ಜೀಪು ಚಾಲಕರ ಪಾಠ. ರಜಾದಿನಗಳಲ್ಲಿ ಸಂಪಾಜೆ ಇಳಿಜಾರಿನಲ್ಲಿ ಹೊರಊರಿನ ಕಾರುಗಳ ಹಿಂದೆ ಹೋದರೆ ಕಾದ ಬ್ರೇಕಿನ ಕಮಟು ವಾಸನೆ ಕಿಟಕಿಯೊಳಗೆ ಬರುತ್ತದೆ. ಕಾಲು ಬ್ರೇಕಿನ ಮೇಲೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಕ್ಕಟ್ಟಿನಲ್ಲಿ ಹತ್ತಿ ಬರುವ ವಾಹನಕ್ಕೆ ದಾರಿ ಬಿಡಬೇಕು, ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ತಾಗಿ ನಮ್ಮ ಕಣ್ಣಿಗೇ ಹಿಂತಿರುಗುತ್ತದೆ. ಮಳೆಗಾಲದಲ್ಲಿ ಹೊರಡುವ ಮೊದಲು ಘಾಟಿ ತೆರೆದಿದೆಯೇ ಎಂದು ವಿಚಾರಿಸುವುದನ್ನು 2018ರ ಆಗಸ್ಟಿನ ಭೂಕುಸಿತದ ನಂತರ ನಮಗೆ ಯಾರೂ ಕಲಿಸಬೇಕಾಗಿಲ್ಲ.

ವಿಚಿತ್ರವೆಂದರೆ, ಈಗ ನನಗೆ ಹೆಚ್ಚು ಭಯ ಹುಟ್ಟಿಸುವುದು ಘಾಟಿಯಲ್ಲ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ. ತಿರುವುಗಳಲ್ಲಿ ಎಚ್ಚರ ತಾನಾಗಿಯೇ ಇರುತ್ತದೆ. ನೇರ ರಸ್ತೆಯಲ್ಲಿ, ಅದರಲ್ಲೂ ಊಟವಾದ ಮೇಲೆ ಎರಡರಿಂದ ನಾಲ್ಕು ಗಂಟೆಯ ನಡುವೆ, ಕಣ್ಣು ತಾನಾಗಿಯೇ ಮುಚ್ಚುತ್ತದೆ. ಕಿಟಕಿ ಮುಚ್ಚಿ ಎ.ಸಿ.ಯಲ್ಲಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಮಂಪರು ಇನ್ನೂ ಹೆಚ್ಚು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸುಗಳು ಬಳಸಿ ಹೋಗುವುದರಿಂದ ತಟ್ಟೆ ಇಡ್ಲಿಯೋ ಮದ್ದೂರು ವಡೆಯೋ ಬೇಕೆಂದವರು ಮೊದಲೇ ತೀರ್ಮಾನಿಸಿ ಸರ್ವಿಸ್ ರಸ್ತೆಗೆ ಇಳಿಯಬೇಕು. ಆ ನೆಪದ ವಿಶ್ರಾಂತಿ ಈಗ ತಪ್ಪಿಹೋಗಿದೆ. ಕಾಫಿ ನಾಡಿನವನಾಗಿ ಹೇಳುವುದಾದರೆ, ಕುಡಿದ ಕಾಫಿ ಕೆಲಸ ಮಾಡಲು ಸುಮಾರು ಇಪ್ಪತ್ತು–ಮೂವತ್ತು ನಿಮಿಷ ಬೇಕು. ಆದ್ದರಿಂದ ಕಾಫಿ ಕುಡಿದು, ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಸೀಟು ಒರಗಿಸಿ ಹದಿನೈದು–ಇಪ್ಪತ್ತು ನಿಮಿಷ ಮಲಗುವುದೇ ಸರಿಯಾದ ಕ್ರಮ. ಕಾಫಿ ಕುಡಿದ ಕೂಡಲೇ ಸ್ಟಿಯರಿಂಗ್ ಹಿಡಿದು “ಈಗ ಸರಿಹೋಯಿತು” ಎನ್ನುವುದು ಬರೀ ಧೈರ್ಯ.

ಹಾಡು, ತಿಂಡಿ, ಮಕ್ಕಳ ಆಟ ಇವುಗಳ ಬಗ್ಗೆ ನನ್ನ ತಕರಾರಿಲ್ಲ, ಹೇಳುವುದೂ ಹೆಚ್ಚಿಲ್ಲ.

ಕಳೆದ ತಿಂಗಳು ಬೆಂಗಳೂರಿಗೆ ಹೋಗುವಾಗ ಕುಶಾಲನಗರ, ಹುಣಸೂರು, ಮೈಸೂರು, ಚನ್ನಪಟ್ಟಣ ಹೀಗೆ ಹೆಚ್ಚುಕಡಿಮೆ ಗಂಟೆಗೊಂದು ಕಡೆ ನಿಲ್ಲಿಸುತ್ತೇನೆಂದು ಅಮ್ಮನಿಗೆ ಹಿಂದಿನ ದಿನವೇ ಹೇಳಿದ್ದೆ. ಶೌಚಾಲಯ ಚೆನ್ನಾಗಿರುವ ಹೋಟೆಲು, ಪೆಟ್ರೋಲ್ ಬಂಕುಗಳನ್ನು ಹೆಂಡತಿ ಗುರುತು ಮಾಡಿಟ್ಟಿದ್ದಳು. ಮೊದಲಿಗಿಂತ ಮುಕ್ಕಾಲು ಗಂಟೆ ತಡವಾಯಿತು. ಹೊರಡುವ ಮೊದಲು ಅಮ್ಮ ಅಡುಗೆಮನೆಯಲ್ಲಿ ನಿಂತು ಒಂದು ಲೋಟ ನೀರನ್ನು ಪೂರ್ತಿ ಕುಡಿದು, ಲೋಟ ಬೋರಲು ಹಾಕಿ, ಮುಂದಿನ ಬಾಗಿಲು ತೆರೆದು ಕೂತರು.