ಎರಡು ಥೌ

ಈಚೆಗೆ ಸಣ್ಣ ಕೈಗಾರಿಕೆಯವರ ಒಂದು ಸಭೆಗೆ ಹೋಗಿದ್ದೆ. ಬೇರೆ ಬೇರೆ ತಲೆಮಾರಿನ ಕೆಲಸಗಾರರನ್ನು ನಿಭಾಯಿಸೋದು ಹೇಗೆ ಅಂತ ಒಬ್ಬರು ಸ್ಲೈಡ್ ಹಾಕಿ ಹೇಳಿದರು. 1946ರಿಂದ 64ರೊಳಗೆ ಹುಟ್ಟಿದವರು ಬೂಮರ್, 1981ರಿಂದ 96ರವರು ಮಿಲೇನಿಯಲ್, ಆಮೇಲಿನವರು ಜೆನ್ ಝೀ. ಅಮೆರಿಕದ ಲೆಕ್ಕ ಅದು. ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಮಕ್ಕಳು ಜಾಸ್ತಿ ಹುಟ್ಟಿದರು, ಅದಕ್ಕೇ ಬೂಮರ್. ನಮ್ಮ ಮೇಸ್ತ್ರಿ ಹುಟ್ಟಿದ್ದು 1964ರಲ್ಲಿ, ಮಾಗಡಿ ಪಕ್ಕದ ಹಳ್ಳಿಯಲ್ಲಿ. ಅವರಿಗೂ ಆ ಯುದ್ಧಕ್ಕೂ ಏನು ಸಂಬಂಧವೋ!

ಪೀಣ್ಯದಲ್ಲಿ ನಮ್ಮದೊಂದು ಮಷೀನ್ ಶಾಪ್ ಇದೆ. ಹರಿಹರದ ಎರಡು ಕಿರ್ಲೋಸ್ಕರ್ ಲೇತ್ ಹಾಕಿಕೊಂಡು ಅಪ್ಪ ಶುರು ಮಾಡಿದ್ದು. ಅದರಲ್ಲಿ ಒಂದು ಇನ್ನೂ ಇದೆ. ಜೊತೆಗೆ ನಾಲ್ಕು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಅಳತೆಗೆ ತಾನೇ ಕೊರೆಯೋ ಮಷೀನ್, ಮತ್ತೆ 26 ಜನ. ನಮ್ಮಲ್ಲಿ ತಲೆಮಾರು ಅಂದರೆ ಎರಡೇ. ಸಿಎನ್‌ಸಿ ಬರೋಕೆ ಮುಂಚೆ ಕೆಲಸ ಕಲಿತವರು, ಬಂದ ಮೇಲೆ ಕಲಿತವರು.

ಹೋದ ವರ್ಷದ ಒಂದು ಕಥೆ. ಶಾಫ್ಟ್ ಕೆಲಸ ನಡೀತಿತ್ತು. ಮೇಸ್ತ್ರಿ ಮೊದಲ ಪೀಸ್‌ಗೆ ಮೈಕ್ರೋಮೀಟರ್ ಹಿಡಿದು ನೋಡಿ, "ಎರಡು ಥೌ ದಪ್ಪ ಐತೆ, ತೆಗಿಯೋ" ಅಂತ ಹೇಳಿ ಬೇರೆ ಮಷೀನ್ ಕಡೆ ಹೋದರು. ಸಿಎನ್‌ಸಿ ಮುಂದೆ ಇದ್ದವನು ಸಿಂದಗಿ ಕಡೆಯ ಹುಡುಗ, ಐಟಿಐ ಮುಗಿಸಿದವನು, ಇಪ್ಪತ್ತು ವರ್ಷ. ಅವನು ಆಫ್‌ಸೆಟ್‌ನಲ್ಲಿ, ಅಂದರೆ ಎಷ್ಟು ತಿದ್ದಬೇಕು ಅಂತ ಮಷೀನ್‌ಗೆ ಹೇಳೋ ಕಡೆ, 0.002 ಹಾಕಿದ. ಆಮೇಲೆ ಮತ್ತೆ ಅಳೆಯಬೇಕಿತ್ತು. ಗಾಡಿ ಕಾಯ್ತಿತ್ತು, ಯಾರೂ ಅಳೆಯಲಿಲ್ಲ. 140 ಶಾಫ್ಟ್ ಹೋದವು, ಮೂರನೇ ದಿನ 140 ಶಾಫ್ಟೂ ವಾಪಸ್ ಬಂದವು. ಬೇರಿಂಗ್ ಒಳಗೇ ಹೋಗ್ತಿಲ್ಲವಂತೆ.

ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಮಿಲಿಮೀಟರ್‌ನಲ್ಲಿ 0.0254. ಎರಡು ಥೌ ಅಂದರೆ ಹತ್ತಿರ ಹತ್ತಿರ 0.05. ಸಿಎನ್‌ಸಿ ಲೆಕ್ಕ ಮಿಲಿಮೀಟರ್‌ನದು. ಹುಡುಗನಿಗೆ ಸಾವಿರದ ಲೆಕ್ಕ ಅಂತ ಮಾತ್ರ ಗೊತ್ತು, ಇಂಚಿನದು ಅಂತ ಗೊತ್ತಿಲ್ಲ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದಿದ್ದು 1956ರಲ್ಲಿ, ಮೇಸ್ತ್ರಿ ಹುಟ್ಟೋಕೂ ಮುಂಚೆ. ಆದರೆ ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಇಂಚಿನ ಲೇತ್ ಮೇಲೆ ಪಳಗಿದವರು. ಕಾನೂನು ಬದಲಾಯ್ತು, ಬಾಯಿ ಬದಲಾಗಲಿಲ್ಲ.

ನಾನು ಹುಡುಗನಿಗೆ ಬೈದೆ. "ಕಾಕಾ ಎರಡ ಅಂದ್ರು, ನಾ ಎರಡ ಹಾಕೀನ್ರಿ ಸರ್" ಅಂದ. ಮೇಸ್ತ್ರಿಗೂ ಒಂದು ಮಾತು ಅಂದೆ. ಅವರು ಎರಡು ದಿನ ನನ್ನ ಜೊತೆ ಟೀ ಕುಡಿಯಲಿಲ್ಲ.

ವಿಷಯ ಗೊತ್ತಾಗಿದ್ದು ಸೂಪರ್‌ವೈಸರ್ ರಜೆ ಮುಗಿಸಿ ಬಂದ ಮೇಲೆ. 42 ವರ್ಷದವರು, ನಮ್ಮಲ್ಲಿ 14 ವರ್ಷದಿಂದ ಇದ್ದಾರೆ. ಶಾಫ್ಟ್ ರಾಶಿ ನೋಡಿ ನಕ್ಕುಬಿಟ್ಟರು. "ಸಾರ್, ಮೇಸ್ತ್ರಿ ಎರಡು ಅಂದ್ರೆ 0.05 ಹಾಕು ಅಂತ ದಿನಾ ನಾನೇ ಹೇಳ್ತಿದ್ದೆ."

ದಿನಾ! ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಕೂತು ಕೇಳಿದರೆ ಇನ್ನೂ ಏನೇನೋ ಹೊರಗೆ ಬಂತು. ಹುಡುಗ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ "ನಾಳೆ ರಜಾ" ಅಂತ ಹಾಕ್ತಾನೆ. ಎದುರಿಗೆ ಬಂದು ಕೇಳಲಿಲ್ಲ ಅಂತ ಮೇಸ್ತ್ರಿಗೆ ಉರಿ. ಬೆಳಿಗ್ಗೆ ಸೂಪರ್‌ವೈಸರ್ ಹೋಗಿ "ನಿಮಗೆ ಹೇಳು ಅಂತ ಫೋನ್ ಮಾಡಿದ್ದ" ಅಂತಾರೆ. ಪೂರ್ತಿ ಸುಳ್ಳು. ಮೇಸ್ತ್ರಿ ಎಲ್ಲರೆದುರು "ಕತ್ತೆ" ಅಂದರೆ, ಹುಡುಗನನ್ನು ಪಕ್ಕಕ್ಕೆ ಕರೆದು "ಇಷ್ಟ ಇರೋರಿಗೆ ಮಾತ್ರ ಅವರು ಬೈಯೋದು" ಅಂತಾರೆ. ಇದೂ ಅರ್ಧ ಸುಳ್ಳು.

ಸ್ಲೈಡ್‌ನಲ್ಲಿ ಇಂಥವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿರಿಯರಿಗೆ ಗೌರವ ಕೊಡಿ, ಕಿರಿಯರಿಗೆ ಸ್ವಾತಂತ್ರ್ಯ ಕೊಡಿ, ಅಷ್ಟೇ. ನಡುವೆ ನಿಂತು ಎರಡೂ ಕಡೆ ಬೈಸಿಕೊಳ್ಳೋನಿಗೆ ಏನು ಕೊಡಬೇಕು?

ಅದೇ ಸಭೆಯಲ್ಲಿ ಊಟದ ಹೊತ್ತಿಗೆ ಮಾಲೀಕರೆಲ್ಲ ಒಂದೇ ರಾಗ ಎಳೆದರು. ಈಗಿನ ಹುಡುಗರಿಗೆ ನಿಷ್ಠೆ ಇಲ್ಲ, ಎರಡು ಸಾವಿರ ಜಾಸ್ತಿ ಸಿಕ್ಕರೆ ಓಡ್ತಾರೆ. ನಾನೂ ತಲೆ ಆಡಿಸಿದೆ. ಮನೆಗೆ ಬಂದು ಯೋಚನೆ ಮಾಡಿದರೆ ನಾಚಿಕೆ ಆಯ್ತು. ಮೇಸ್ತ್ರಿ 1992ರಲ್ಲಿ ಸೇರಿದಾಗ ಅಪ್ಪ ಮೂರೇ ತಿಂಗಳಿಗೆ ಖಾಯಂ ಮಾಡಿದ್ದರು. ಪಿಎಫ್ ಇತ್ತು. ಐದು ವರ್ಷ ದಾಟಿದರೆ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ, 1972ರ ಕಾಯ್ದೆಯೇ ಹೇಳ್ತಿತ್ತು. ಉಳಿಯೋಕೆ ಅವರಿಗೆ ಕಾರಣ ಇತ್ತು. ಈ ಹುಡುಗನನ್ನು ನಾನು ತಂದಿದ್ದು ಕಂಟ್ರಾಕ್ಟರ್ ಕಡೆಯಿಂದ. ನನ್ನ ರಿಜಿಸ್ಟರ್‌ನಲ್ಲಿ ಅವನ ಹೆಸರೇ ಇರಲಿಲ್ಲ. ಹೆಸರೇ ಬರೆದುಕೊಳ್ಳದವನ ಹತ್ತಿರ ನಿಷ್ಠೆ ಕೇಳೋದು ಯಾವ ನ್ಯಾಯ?

ತಮಾಷೆ ಅಂದರೆ, 60 ಆದ ಮೇಲೆ ಲೆಕ್ಕ ಚುಕ್ತಾ ಮಾಡಿ ಮೇಸ್ತ್ರಿಯನ್ನೂ ವರ್ಷ ವರ್ಷದ ಕಾಗದದ ಮೇಲೆ ಇಟ್ಟುಕೊಂಡಿದ್ದೇನೆ. ಅಂದರೆ ಶಾಪಿನ ಅತಿ ಹಿರಿಯನಿಗೂ ಅತಿ ಕಿರಿಯನಿಗೂ ಮುಂದಿನ ಏಪ್ರಿಲ್ ಗ್ಯಾರಂಟಿ ಇಲ್ಲ. ಇಬ್ಬರೂ ಸುಮ್ನೆ ಒಬ್ಬರನ್ನೊಬ್ಬರು ಬೈಕೊಂಡು ಓಡಾಡ್ತಾರೆ.

ಶಾಫ್ಟ್‌ಗಳನ್ನು ಮತ್ತೆ ಮಷೀನ್‌ಗೆ ಹಾಕಿ ಸರಿ ಮಾಡಿದೆವು. ಹುಡುಗನನ್ನು ನಮ್ಮ ರೋಲ್‌ಗೆ ತಗೊಂಡೆ. ಪಿಎಫ್ 12%, ಕಾರ್ಮಿಕರ ವಿಮೆ ಇಎಸ್‌ಐ 3.25% ನಮ್ಮ ಕೈಯಿಂದ ಹೋಗುತ್ತದೆ, ಹೋಗಲಿ. ನಾಳೆ ಅವನು ಬಿಟ್ಟು ಹೋದರೂ ಹೋಗಬಹುದು.

ಸೂಪರ್‌ವೈಸರನ್ನು ಕರೆದು ಸಂಬಳ ಜಾಸ್ತಿ ಮಾಡ್ತೀನಿ ಅಂದೆ. ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸಾರ್, ಭಾನುವಾರ ಎಲ್ಲರೂ ನನಗೇ ಫೋನ್ ಮಾಡ್ತಾರೆ. ಅದೊಂದು ನಿಲ್ಲಿಸಿಕೊಡಿ" ಅಂದರು.

ಹಿಂದಿನ ಭಾನುವಾರ ಅವರಿಗೆ ಎರಡು ಸಲ ಫೋನ್ ಮಾಡಿದ್ದವನು ನಾನೇ.